ಸವಕಲು ನಾಣ್ಯದ ಚಲಾವಣೆ: ಎಂಬತ್ತರ ರೋಲಿಂಗ್ ಸ್ಟೋನ್ಸ್, ಒಂದು ಪ್ರಕರಣ

2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡು ರೋಲಿಂಗ್ ಸ್ಟೋನ್ಸ್ ವೇದಿಕೆ ಹತ್ತಿದಾಗ ಅದರ ಗಾಯಕ ಮಿಕ್ ಜಾಗರ್ ಅವರಿಗೆ ಅರವತ್ತು ತುಂಬಲು ನಾಲ್ಕು ತಿಂಗಳೂ ಬಾಕಿ ಇರಲಿಲ್ಲ. ಗಿಟಾರ್ ವಾದಕ ಕೀತ್ ರಿಚರ್ಡ್ಸ್, ಜಾಗರ್ ಅವರಿಗಿಂತ ಐದೇ ತಿಂಗಳು ಚಿಕ್ಕವರು. ಡ್ರಮ್ಸ್ ಹಿಂದೆ ಕುಳಿತಿದ್ದ ಚಾರ್ಲಿ ವಾಟ್ಸ್ ಅವರಿಗೆ ಅರವತ್ತೊಂದು ಆಗಿಹೋಗಿತ್ತು. ಕರ್ನಾಟಕದ ಸರ್ಕಾರಿ ನೌಕರರಿಗೆ ಆಗ ನಿವೃತ್ತಿ ವಯಸ್ಸು 58. ಆ ಲೆಕ್ಕದಲ್ಲಿ ಅಂದು ಬೆಂಗಳೂರಿಗೆ ಬಂದದ್ದು ಮೂವರು ಪಿಂಚಣಿದಾರರು ಮತ್ತು ಇನ್ನೂ ಸೇವೆಯಲ್ಲಿದ್ದ ಒಬ್ಬರು, 55ರ ಗಿಟಾರ್ ವಾದಕ ರಾನಿ ವುಡ್. ಸಾರ್ಸ್ ಸೋಂಕಿನ ಭೀತಿಯಿಂದ ಚೀನಾ ಮತ್ತು ಹಾಂಗ್‌ಕಾಂಗ್‌ನ ಕಾರ್ಯಕ್ರಮಗಳು ಕೈತಪ್ಪಿದ್ದವು. ಬೆಂಗಳೂರಿನದು ನಡೆಯಿತು, ಮೂರು ದಿನಗಳ ನಂತರ ಮುಂಬೈಯದೂ ನಡೆಯಿತು.

ಆ ಪ್ರವಾಸಕ್ಕೆ ನೆಪ ಬ್ಯಾಂಡಿನ ನಲವತ್ತನೆಯ ವರ್ಷ. ಅದಕ್ಕೆಂದೇ 2002ರಲ್ಲಿ ನಲವತ್ತು ಹಾಡುಗಳ ಸಂಕಲನವೊಂದು ಹೊರಬಂದಿತ್ತು. ಅದರಲ್ಲಿ ಹೊಸವು ನಾಲ್ಕು. ಈ ಪ್ರಕರಣದ ಪ್ರಶ್ನೆಯೆಲ್ಲ ಆ ಅನುಪಾತದಲ್ಲಿಯೇ ಇದೆ. ಮೂವತ್ತಾರು ಹಳೆಯ ಹಾಡುಗಳ ಬಲದ ಮೇಲೆ ಊರೂರು ಸುತ್ತುವ ತಂಡವೊಂದು ಆ ನಾಲ್ಕು ಹೊಸ ಹಾಡುಗಳಿಗಾಗಿ ಏಕೆ ಕಷ್ಟಪಡಬೇಕು? ಪಟ್ಟರೂ ಕೇಳುವವರು ಯಾರು?

ವಯಸ್ಸಾದ ರಾಕ್ ಬ್ಯಾಂಡುಗಳು ಇಂದಿಗೂ ಪ್ರಸ್ತುತವೇ ಎಂಬ ಚರ್ಚೆ ಎದ್ದಾಗ ಎರಡು ಬೇರೆ ಸಂಗತಿಗಳನ್ನು ಕಲಸುಮೇಲೋಗರ ಮಾಡಲಾಗುತ್ತದೆ. ಹಳೆಯ ನಾಣ್ಯಕ್ಕೆ ಸಂಗ್ರಹಕಾರನ ಬಳಿ ಭಾರಿ ಬೆಲೆ ಇರಬಹುದು, ಆದರೆ ಅದನ್ನು ಕೊಟ್ಟು ಅಂಗಡಿಯಲ್ಲಿ ಒಂದು ಸೋಪು ಕೊಳ್ಳಲಾಗದು. ಬೆಲೆ ಬೇರೆ, ಚಲಾವಣೆ ಬೇರೆ. ಸ್ಟೋನ್ಸ್‌ಗೆ ಬೆಲೆ ಎಂದೂ ಕುಸಿದಿರಲಿಲ್ಲ. ಚಲಾವಣೆ ಮಾತ್ರ ನಿಂತು ದಶಕಗಳಾಗಿದ್ದವು. 2023ರಲ್ಲಿ ಅವರು ಅದನ್ನು ಮರಳಿ ಪಡೆಯಲು ಹೊರಟದ್ದು, ಎಷ್ಟು ಪಡೆದರು ಎಂಬುದು, ಇಲ್ಲಿ ನಾನು ಬಿಡಿಸಿ ನೋಡಲು ಹೊರಟಿರುವ ವಿಷಯ.

ಹಿನ್ನೆಲೆ: ಹಾಡು ನಿಂತಿತು, ಹಣ ನಿಲ್ಲಲಿಲ್ಲ

ಬ್ಯಾಂಡಿನ ಮೊದಲ ಕಾರ್ಯಕ್ರಮ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ, 1962ರ ಜುಲೈ 12ರಂದು. ಬ್ರಿಟನ್ನಿನ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಯಲ್ಲಿ ಅವರ ಹಾಡೊಂದು ಕೊನೆಯ ಬಾರಿ ಮೊದಲ ಸ್ಥಾನಕ್ಕೇರಿದ್ದು 1969ರಲ್ಲಿ, ಅಮೆರಿಕದಲ್ಲಿ 1978ರಲ್ಲಿ. ಬಿಡಿ ಹಾಡಿನ ಜನಪ್ರಿಯತೆಯೇ ಅಳತೆಗೋಲಾದರೆ ಈ ಬ್ಯಾಂಡು ಜಾಗರ್ ಅವರಿಗೆ ಮೂವತ್ತೈದು ತುಂಬುವ ಹೊತ್ತಿಗೆ ತೀರಿಹೋಗಿತ್ತು ಎನ್ನಬೇಕು. ಸ್ವತಃ ಜಾಗರ್ ಅವರಿಗೂ ವಯಸ್ಸಾದ ರಾಕ್ ಗಾಯಕನ ಮೇಲೆ ಗೌರವವೇನೂ ಇರಲಿಲ್ಲ. ತಮ್ಮ ಅತಿ ಪ್ರಸಿದ್ಧ ಹಾಡನ್ನು ನಲವತ್ತೈದನೆಯ ವಯಸ್ಸಿನಲ್ಲೂ ಹಾಡುತ್ತಿರುವುದಕ್ಕಿಂತ ಸತ್ತುಹೋಗುವುದೇ ವಾಸಿ ಎಂದು ಎಪ್ಪತ್ತರ ದಶಕದಲ್ಲಿ ಸಂದರ್ಶನವೊಂದರಲ್ಲಿ ಅವರು ಹೇಳಿದ್ದುಂಟು. ಆ ಮಾತು ಎಂಬತ್ತು ದಾಟಿದ ಮೇಲೂ ಅವರ ಬೆನ್ನು ಬಿಟ್ಟಿಲ್ಲ.

ಎಂಬತ್ತರ ದಶಕದಲ್ಲಿ ಜಾಗರ್–ರಿಚರ್ಡ್ಸ್ ಜಗಳ ಹಾದಿಬೀದಿಗೆ ಬಂದಿತ್ತು. ಏಳು ವರ್ಷ ಪ್ರವಾಸವೇ ಇರಲಿಲ್ಲ. 1989ರಲ್ಲಿ ಅವರು ‘ಸ್ಟೀಲ್ ವೀಲ್ಸ್’ ಹೆಸರಿನಲ್ಲಿ ಮರಳಿದಾಗ ಪತ್ರಿಕೆಗಳು ಅದನ್ನು ‘ಸ್ಟೀಲ್ ವೀಲ್‌ಚೇರ್ಸ್’ ಎಂದು ಗೇಲಿ ಮಾಡಿದವು. ಗೇಲಿಗೆ ಗುರಿಯಾದವರ ವಯಸ್ಸು ನಲವತ್ತಾರರ ಆಸುಪಾಸು! ಆದರೆ ಆ ಪ್ರವಾಸವೇ ಬ್ಯಾಂಡಿನ ವ್ಯವಹಾರವನ್ನು ತಿರುಗಿಸಿಹಾಕಿತು. ಕೆನಡಾದ ಮೈಕಲ್ ಕೋಲ್ ಎಂಬ ಸಂಘಟಕರು ಊರಿಗೊಬ್ಬ ಗುತ್ತಿಗೆದಾರನ ಪದ್ಧತಿಯನ್ನು ಬಿಟ್ಟು ಇಡೀ ಪ್ರವಾಸವನ್ನು ಒಟ್ಟಾಗಿ ಕೊಂಡರು: ಟಿಕೆಟ್, ಪ್ರಾಯೋಜಕತ್ವ, ಟಿ-ಶರ್ಟ್ ಎಲ್ಲವೂ ಒಂದೇ ಬುಟ್ಟಿಗೆ. ಅಲ್ಲಿಯವರೆಗೆ ಆಲ್ಬಮ್ ಮಾರಲು ಪ್ರವಾಸ ಹೋಗುತ್ತಿದ್ದರು. ಅಲ್ಲಿಂದ ಮುಂದೆ ಪ್ರವಾಸವೇ ಕಸುಬು, ಆಲ್ಬಮ್ ಅದರ ಕರಪತ್ರ.

2005ರ ‘ಎ ಬಿಗ್ಗರ್ ಬ್ಯಾಂಗ್’ ಆಲ್ಬಮ್‌ನ ಪ್ರವಾಸ 2007ರವರೆಗೆ ನಡೆದು 55 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆ ಆಲ್ಬಮ್ ಬಂದ ಮೇಲೆ ಹದಿನೆಂಟು ವರ್ಷ ಅವರಿಂದ ಸ್ವಂತ ಹಾಡುಗಳ ಹೊಸ ಆಲ್ಬಮ್ ಬರಲಿಲ್ಲ. ಇದಕ್ಕೆ ಸೋಮಾರಿತನ ಎನ್ನುವುದು ಸುಲಭ. ನನಗೆ ಕಾಣುವ ಕಾರಣ ಇನ್ನೂ ಸರಳ: ಅಗತ್ಯವೇ ಇರಲಿಲ್ಲ. ಕ್ರೀಡಾಂಗಣದಲ್ಲಿ ಹೊಸ ಹಾಡು ಶುರುವಾದರೆ ಅದು ಜನ ಬಿಯರ್ ತರಲು ಎದ್ದುಹೋಗುವ ಹೊತ್ತು ಎಂಬುದು ರಾಕ್ ವಲಯದ ಹಳೆಯ ಕುಹಕ. ಮನೆಯಲ್ಲಿ ಹಸು ಹಾಲು ಕೊಡುತ್ತಿರುವಾಗ ಮತ್ತೊಂದು ಕರುವನ್ನು ಸಾಕುವ ಶ್ರಮ ಯಾರಿಗೆ ಬೇಕು?

ಈ ಅವಧಿಯಲ್ಲಿ ಒಂದು ಅಪವಾದ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ತಿರುವು

2019ರ ಏಪ್ರಿಲ್‌ನಲ್ಲಿ ಜಾಗರ್ ಅವರ ಹೃದಯದ ಕವಾಟ ಬದಲಾಯಿಸಲಾಯಿತು. ಜೂನ್ 21ಕ್ಕೆ ಅವರು ಶಿಕಾಗೋದ ವೇದಿಕೆಯ ಮೇಲೆ ಎಂದಿನಂತೆ ಓಡಾಡುತ್ತಿದ್ದರು. ಬ್ಯಾಂಡನ್ನು ನಿಜಕ್ಕೂ ಅಲುಗಿಸಿದ್ದು 2021ರ ಆಗಸ್ಟ್ 24: ಚಾರ್ಲಿ ವಾಟ್ಸ್ ತೀರಿಕೊಂಡರು. 1963ರಿಂದ ಆ ಪೀಠದಲ್ಲಿ ಕುಳಿತವರು ಅವರೊಬ್ಬರೇ. ರಾಕ್ ಸಂಗೀತದಲ್ಲಿದ್ದರೂ ಮನಸ್ಸು ಜಾಸ್‌ನಲ್ಲಿಟ್ಟಿದ್ದ, ಸೂಟು ಹೊಲಿಸಿಕೊಳ್ಳುವುದರಲ್ಲಿ ಶಿಸ್ತು ಮೆರೆಯುತ್ತಿದ್ದ ಈ ಮನುಷ್ಯ ತಾಳವನ್ನು ಕೂದಲೆಳೆಯಷ್ಟು ಹಿಂದೆ ಎಳೆದು ನುಡಿಸುತ್ತಿದ್ದರು. ರಿಚರ್ಡ್ಸ್ ಅವರ ಗಿಟಾರ್ ಮುಂದೆ, ಡ್ರಮ್ಸ್ ತುಸು ಹಿಂದೆ. ಬಿದ್ದೇಬಿಡುತ್ತದೆ ಎನಿಸಿ ಬೀಳದ ಆ ನಡಿಗೆಯೇ ಸ್ಟೋನ್ಸ್‌ನ ಗುರುತು. ತಬಲಾ ಸಾಥಿ ಬದಲಾದರೆ ಗಾಯಕನ ಲಯದ ಸುಖ ಹೇಗೆ ಬದಲಾಗುತ್ತದೆ ಎಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ತಮ್ಮ ಬದಲಿಗೆ ಸ್ಟೀವ್ ಜೋರ್ಡನ್ ನುಡಿಸಲಿ ಎಂದು ಒಪ್ಪಿಗೆಯ ಮುದ್ರೆ ಒತ್ತಿದವರು ವಾಟ್ಸ್ ಅವರೇ. ಜೋರ್ಡನ್ ಹೊರಗಿನವರಲ್ಲ, ರಿಚರ್ಡ್ಸ್ ಅವರ ಸ್ವಂತ ತಂಡದಲ್ಲಿ ಎಂಬತ್ತರ ದಶಕದಿಂದ ಇದ್ದವರು. ವಾಟ್ಸ್ ತೀರಿಕೊಂಡ ಒಂದು ತಿಂಗಳಿಗೆ, ಸೆಪ್ಟೆಂಬರ್ 26ರಂದು, ಸೇಂಟ್ ಲೂಯಿಯಲ್ಲಿ ಪ್ರವಾಸ ಮತ್ತೆ ಶುರುವಾಯಿತು. ಇದು ನಿರ್ದಯ ಎನಿಸಿದವರೂ ಇದ್ದಾರೆ. ನನಗೆ ಯಕ್ಷಗಾನ ಮೇಳದ ನೆನಪಾಗುತ್ತದೆ: ಹಿರಿಯ ಭಾಗವತರು ಹೋದರೂ ಮೇಳ ಹೊರಡುವ ದಿನ ಹೊರಡಲೇಬೇಕು.

ಹೊಸ ಆಲ್ಬಮ್‌ಗಾಗಿ ಅವರು ವರ್ಷಗಟ್ಟಲೆ ಅಲ್ಲಿ ಇಲ್ಲಿ ಧ್ವನಿಮುದ್ರಣ ಮಾಡಿಟ್ಟಿದ್ದರು. ಯಾವುದೂ ಮುಗಿದಿರಲಿಲ್ಲ. ಜಾಗರ್ ಅವರು ರಿಚರ್ಡ್ಸ್ ಅವರ ಮುಂದೆ ಒಂದು ಗಡುವು ಇಟ್ಟರು: 2023ರ ಪ್ರೇಮಿಗಳ ದಿನಕ್ಕೆ ಕೆಲಸ ಮುಗಿದಿರಬೇಕು. ಹಿಂದಿನ ವರ್ಷದ ಕ್ರಿಸ್ಮಸ್‌ಗೆ ಮುನ್ನ ಸ್ಟುಡಿಯೋ ಸೇರಿ ಬಿರುಸಿನಿಂದ 23 ಹಾಡುಗಳನ್ನು ನುಡಿಸಿದರು. ಗಡುವಿಲ್ಲದೆ ಲೇಖನ ಮುಗಿಸದ ನನ್ನಂಥವರಿಗೆ ಇದು ಸಮಾಧಾನದ ಸುದ್ದಿ.

ಇನ್ನೊಂದು ನಿರ್ಧಾರ ಹೆಚ್ಚು ಧೈರ್ಯದ್ದು. ಆಲ್ಬಮ್‌ನ ಹೊಣೆಯನ್ನು ಆಂಡ್ರ್ಯೂ ವಾಟ್ ಎಂಬ ಯುವ ಪ್ರೊಡ್ಯೂಸರ್‌ಗೆ ವಹಿಸಿದರು. (ವಾಟ್ಸ್ ಹೋದರು, ವಾಟ್ ಬಂದರು, ಹೆಸರಿನ ಈ ಆಟಕ್ಕೆ ಯಾರೂ ಹೊಣೆಯಲ್ಲ.) ವಾಟ್ ಹುಟ್ಟಿದ್ದು 1990ರಲ್ಲಿ, ಅಂದರೆ ‘ಸ್ಟೀಲ್ ವೀಲ್‌ಚೇರ್ಸ್’ ಗೇಲಿಯ ಮರುವರ್ಷ. ಜಸ್ಟಿನ್ ಬೀಬರ್, ಮೈಲಿ ಸೈರಸ್ ಅಂಥವರ ಜನಪ್ರಿಯ ಹಾಡುಗಳನ್ನು ರೂಪಿಸಿದ ಕೈ ಅದು. ಓಝಿ ಆಸ್ಬರ್ನ್, ಇಗ್ಗಿ ಪಾಪ್ ಅಂಥ ಹಿರಿಯರ ಇತ್ತೀಚಿನ ಆಲ್ಬಮ್‌ಗಳನ್ನೂ ಮುಗಿಸಿಕೊಟ್ಟಿತ್ತು. ವಾಟ್ ಅವರ ಹೆಸರನ್ನು ಸೂಚಿಸಿದವರು ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ. ವಾಟ್ ದಿನವೂ ಬೇರೆ ಬೇರೆ ಸ್ಟೋನ್ಸ್ ಟಿ-ಶರ್ಟ್ ತೊಟ್ಟು ಸ್ಟುಡಿಯೋಗೆ ಬರುತ್ತಿದ್ದರು. ಅಂದರೆ ಅವರು ಬಂದದ್ದು ಭಕ್ತನಾಗಿಯೇ, ಆದರೆ ದೇವರಿಗೆ ‘ಇದು ಸರಿಬರಲಿಲ್ಲ, ಇನ್ನೊಮ್ಮೆ ಮಾಡಿ’ ಎನ್ನುವ ಭಕ್ತ. ಮೂರು ಹಾಡುಗಳ ರಚನೆಯಲ್ಲಿ ಜಾಗರ್–ರಿಚರ್ಡ್ಸ್ ಜೊತೆ ಅವರ ಹೆಸರೂ ಇದೆ. ಅರವತ್ತು ವರ್ಷ ಹೆಚ್ಚಾಗಿ ತಮ್ಮಿಬ್ಬರ ಹೆಸರನ್ನೇ ಬರೆದುಕೊಂಡು ಬಂದವರು ಮೂರನೆಯವನಿಗೆ ಜಾಗ ಬಿಟ್ಟದ್ದನ್ನು ನಾನು ಸಣ್ಣ ಸಂಗತಿ ಎಂದು ಎಣಿಸಲಾರೆ.

ಒಡೆದ ಗಾಜು

ಆಲ್ಬಮ್‌ನ ಹೆಸರು ‘ಹ್ಯಾಕ್ನಿ ಡೈಮಂಡ್ಸ್’. ಪೂರ್ವ ಲಂಡನ್ನಿನ ಹ್ಯಾಕ್ನಿಯ ಬೀದಿಮಾತಿನಲ್ಲಿ ಇದರರ್ಥ ವಜ್ರವಲ್ಲ. ಕಳ್ಳರು ಕಾರಿನ ಗಾಜು ಒಡೆದಾಗ ರಸ್ತೆಯ ಮೇಲೆ ಚೆಲ್ಲಿ ಮಿರುಗುವ ಚೂರುಗಳು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಸ್ಥಳೀಯ ಪತ್ರಿಕೆಯಾದ ‘ಹ್ಯಾಕ್ನಿ ಗೆಜೆಟ್’ನಲ್ಲಿ ಗಾಜು ರಿಪೇರಿ ಅಂಗಡಿಯ ಜಾಹೀರಾತೊಂದು ಬಂತು. ಅದರ ಸಾಲುಗಳಲ್ಲಿ ಸ್ಟೋನ್ಸ್‌ನ ಹಳೆಯ ಹಾಡುಗಳ ಹೆಸರುಗಳು ಅಡಗಿದ್ದವು. ಬಲ್ಲವರು ಹಿಡಿದರು, ಸುದ್ದಿ ಹಬ್ಬಿತು. ಲಕ್ಷಾಂತರ ರೂಪಾಯಿಯ ಪ್ರಚಾರಕ್ಕಿಂತ ಚಿಕ್ಕ ಪತ್ರಿಕೆಯ ಆ ಚಿಕ್ಕ ಚೌಕ ಹೆಚ್ಚು ಕೆಲಸ ಮಾಡಿತು. ಇಂದಿನ ಕಾಲದಲ್ಲಿ ಸುದ್ದಿ ಹೇಗೆ ಹರಡುತ್ತದೆ ಎಂಬುದು ಆ ಬಳಗದಲ್ಲಿ ಯಾರಿಗೋ ಚೆನ್ನಾಗಿ ಗೊತ್ತಿತ್ತು.

ಸೆಪ್ಟೆಂಬರ್ 6ರಂದು ‘ಆ್ಯಂಗ್ರಿ’ ಎಂಬ ಮೊದಲ ಹಾಡು ಹೊರಬಂತು. ಅದರ ವಿಡಿಯೊದಲ್ಲಿ ಯುವ ನಟಿ ಸಿಡ್ನಿ ಸ್ವೀನಿ ತೆರೆದ ಕೆಂಪು ಕಾರಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬೂಲೆವಾರ್ಡ್ ಉದ್ದಕ್ಕೂ ಸಾಗುತ್ತಾರೆ. ರಸ್ತೆಬದಿಯ ದೊಡ್ಡ ದೊಡ್ಡ ಜಾಹೀರಾತು ಫಲಕಗಳಲ್ಲಿ ಸ್ಟೋನ್ಸ್ ಜೀವ ತಳೆದು ಹಾಡುತ್ತಾರೆ. ಆದರೆ ಅಲ್ಲಿರುವುದು ಅರವತ್ತರ, ಎಪ್ಪತ್ತರ, ಎಂಬತ್ತರ ದಶಕದ ಸ್ಟೋನ್ಸ್. ಹಳೆಯ ಚಿತ್ರಿಕೆಗಳ ಬಾಯಿಗೆ ತಂತ್ರಜ್ಞಾನದಿಂದ ಹೊಸ ಹಾಡನ್ನು ಕೂರಿಸಲಾಗಿದೆ. ನನಗೆ ಈ ವಿಡಿಯೊ ಇಷ್ಟವಾಗಲಿಲ್ಲ, ಮರೆಯಲೂ ಆಗಲಿಲ್ಲ. ಎಂಬತ್ತರ ಕಂಠ, ಮೂವತ್ತರ ಮುಖ. ಹೊಸ ಹಾಡು ಬೇಕು, ಅದನ್ನು ಹಾಡುವ ಮುದುಕನ ಮುಖ ಬೇಡ ಎಂದು ಮಾರುಕಟ್ಟೆ ಹೇಳಿದ ಹಾಗಿದೆ. ವಯಸ್ಸಾದ ಬ್ಯಾಂಡಿನ ಕುರಿತ ಚರ್ಚೆಯಲ್ಲಿ ಇಷ್ಟು ಬಿಚ್ಚುಮನಸ್ಸಿನ ಹೇಳಿಕೆಯನ್ನು ಬೇರೆ ಯಾರೂ ಕೊಟ್ಟಿಲ್ಲ. ಅದು ಬ್ಯಾಂಡಿನದೇ ವಿಡಿಯೊ ಎಂಬುದು ಸೋಜಿಗ.

ಅಕ್ಟೋಬರ್ 20ರಂದು ಹನ್ನೆರಡು ಹಾಡುಗಳ ಆಲ್ಬಮ್ ಬಂತು. ಅತಿಥಿಗಳ ಪಟ್ಟಿ ಮದುವೆ ಮನೆಯಂತಿತ್ತು: ಲೇಡಿ ಗಾಗಾ, ಸ್ಟೀವಿ ವಂಡರ್, ಎಲ್ಟನ್ ಜಾನ್, ಮೆಕಾರ್ಟ್ನಿ. ತೊಂಬತ್ತರ ದಶಕದ ಆರಂಭದಲ್ಲಿ ಬ್ಯಾಂಡು ಬಿಟ್ಟಿದ್ದ ಬಾಸ್ ವಾದಕ ಬಿಲ್ ವೈಮನ್ ಕೂಡ ಒಂದು ಹಾಡಿಗೆ ಮರಳಿದರು. 2019ರಲ್ಲಿ ವಾಟ್ಸ್ ನುಡಿಸಿಟ್ಟಿದ್ದ ಡ್ರಮ್ಸ್ ಎರಡು ಹಾಡುಗಳಲ್ಲಿದೆ. ವೈಮನ್ ಅವರ ಬಾಸ್, ವಾಟ್ಸ್ ಅವರ ಡ್ರಮ್ಸ್ ಒಂದೇ ಹಾಡಿನಲ್ಲಿ ಸೇರುವಂತೆ ನೋಡಿಕೊಂಡಿದ್ದಾರೆ. ಶ್ರಾದ್ಧದ ದಿನ ದೂರದ ಅಣ್ಣನನ್ನೂ ಕರೆಸಿದಂತೆ.

ಎಲ್ಲ ಅತಿಥಿಗಳ ನಡುವೆ ನಿಜಕ್ಕೂ ಏನಾದರೂ ನಡೆದಿರುವುದು ಏಳು ನಿಮಿಷ ಮೀರುವ ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಹಾಡಿನಲ್ಲಿ. ಸ್ಟೀವಿ ವಂಡರ್ ಕೀಬೋರ್ಡ್ ಮುಂದೆ ಇದ್ದಾರೆ. 1972ರ ಅಮೆರಿಕ ಪ್ರವಾಸದಲ್ಲಿ ಸ್ಟೋನ್ಸ್‌ಗಿಂತ ಮೊದಲು ವೇದಿಕೆ ಹತ್ತುತ್ತಿದ್ದ ಹುಡುಗ ಅವರು. ಹಾಡು ಮುಗಿಯಿತು ಎನಿಸಿದ ಮೇಲೆ ಮತ್ತೆ ಚಿಗುರುತ್ತದೆ, ಜಾಗರ್ ಮತ್ತು ಗಾಗಾ ಒಬ್ಬರನ್ನೊಬ್ಬರು ಮೇಲಕ್ಕೆ ಎಳೆಯುತ್ತಾ ಹೋಗುತ್ತಾರೆ. ಸವಾಲ್–ಜವಾಬ್ ಎಂದು ನಾವು ಯಾವುದಕ್ಕೆ ಹೇಳುತ್ತೇವೆಯೋ ಅದೇ. ಮೊಮ್ಮಗಳಾಗಬಹುದಾದವಳ ಎದುರು ಆ ಕಂಠ ಸೋಲಲಿಲ್ಲ. ಇಲ್ಲಿ ಯಾವ ಹಳೆಯ ಮುಖವನ್ನೂ ಅಂಟಿಸುವ ಅಗತ್ಯ ಬೀಳಲಿಲ್ಲ.

ಲೆಕ್ಕ

ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಮೂರನೆಯದು. 2025ರ ಫೆಬ್ರವರಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಮ್‌ಗೆ ಗ್ರ್ಯಾಮಿ. ಈ ವಿಭಾಗದ ಪ್ರಶಸ್ತಿಯನ್ನು ಮೊಟ್ಟಮೊದಲ ಬಾರಿ, 1995ರಲ್ಲಿ, ಪಡೆದವರೂ ಇವರೇ. ಮೂವತ್ತು ವರ್ಷದ ನಂತರ ಮತ್ತೆ ಅದೇ ಕೈಗೆ ಬಂದದ್ದು ಬ್ಯಾಂಡಿನ ಹಿರಿಮೆಯೋ ರಾಕ್ ಸಂಗೀತದ ಬಡತನವೋ ಎಂದು ಕೇಳಿದರೆ ತಪ್ಪಿಲ್ಲ. 2025ರ ನಾಮನಿರ್ದೇಶನಗಳಲ್ಲಿ ಪರ್ಲ್ ಜ್ಯಾಮ್, ಗ್ರೀನ್ ಡೇ, ಬ್ಲ್ಯಾಕ್ ಕ್ರೋಸ್ ಎಲ್ಲ ತೊಂಬತ್ತರ ದಶಕದ ನೆಂಟರು. ಹೊಸ ತಲೆಮಾರಿನ ಫಾಂಟೇನ್ಸ್ ಡಿ.ಸಿ. ಮತ್ತು ಐಡಲ್ಸ್ ಬರಿಗೈಯಲ್ಲಿ ಮರಳಿದರು. ಮತ ಹಾಕುವವರಿಗೂ ವಯಸ್ಸಾಗುತ್ತಿದೆ.

ವಿಮರ್ಶಕರಲ್ಲಿ ಅನೇಕರು 1981ರ ‘ಟ್ಯಾಟೂ ಯೂ’ ನಂತರ ಇದೇ ಉತ್ತಮ ಎಂದರು. ಸ್ಟೋನ್ಸ್‌ನ ಪ್ರತಿ ಆಲ್ಬಮ್ ಬಂದಾಗಲೂ ಈ ವಾಕ್ಯ ಅಚ್ಚಾಗುತ್ತದೆ. ಹೊಳಪು ಮಿತಿಮೀರಿದೆ, ಸದ್ದು ಕಿವಿಗೆ ಉಸಿರಾಡಲು ಬಿಡುವುದಿಲ್ಲ ಎಂದವರೂ ಇದ್ದರು, ನಾನು ಅವರ ಪಕ್ಷ. ಅಲ್ಲದೆ ‘ಟ್ಯಾಟೂ ಯೂ’ ಬಹುಮಟ್ಟಿಗೆ ಎಪ್ಪತ್ತರ ದಶಕದ ಧ್ವನಿಮುದ್ರಣಗಳಲ್ಲಿ ಉಳಿದುಹೋದ ತುಣುಕುಗಳನ್ನು ಕೂಡಿಸಿ ಮಾಡಿದ್ದು. ಎಂದರೆ ಬ್ಯಾಂಡಿನ ‘ಕೊನೆಯ ಒಳ್ಳೆಯ ಆಲ್ಬಮ್’ ಕೂಡ ನಿನ್ನೆಯ ಅನ್ನಕ್ಕೆ ಹಾಕಿದ ಒಗ್ಗರಣೆಯೇ ಆಗಿತ್ತು. ರುಚಿಯಾಗಿತ್ತು ಎಂಬುದು ಬೇರೆ ಮಾತು.

2024ರ ಉತ್ತರ ಅಮೆರಿಕ ಪ್ರವಾಸದ ಪ್ರಾಯೋಜಕರು ಎಎಆರ್‌ಪಿ, ಐವತ್ತು ದಾಟಿದವರ ಹಿತ ಕಾಯುವ ಅಮೆರಿಕದ ಸಂಘ. ಒಂದು ಕಾಲದಲ್ಲಿ ತಂದೆತಾಯಂದಿರ ನಿದ್ದೆ ಕೆಡಿಸಿದ ಬ್ಯಾಂಡು ಈಗ ಪಿಂಚಣಿ ಸಂಘದ ಧ್ವಜದಡಿ. ನಗುವವರು ನಕ್ಕರು. ಪ್ರವಾಸದ ಗಳಿಕೆ ಸುಮಾರು 23.5 ಕೋಟಿ ಡಾಲರ್. ನನ್ನ ಗಮನ ಇರುವುದು ಹಾಡುಪಟ್ಟಿಯ ಮೇಲೆ: ಒಂದು ರಾತ್ರಿಯ ಹದಿನೆಂಟು ಹತ್ತೊಂಬತ್ತು ಹಾಡುಗಳಲ್ಲಿ ಹೊಸ ಆಲ್ಬಮ್‌ನವು ಮೂರು, ಕೆಲವೊಮ್ಮೆ ನಾಲ್ಕು. 2002ರ ಸಂಕಲನದಲ್ಲಿ ಹತ್ತಕ್ಕೆ ಒಂದಿದ್ದ ಹೊಸತು ಈಗ ಆರಕ್ಕೆ ಒಂದರ ಹತ್ತಿರ ಬಂದಿದೆ. ಚಲಾವಣೆ ಎಂದರೆ ನನಗೆ ಇಷ್ಟೇ. ದೊಡ್ಡದಲ್ಲ, ಸುಳ್ಳೂ ಅಲ್ಲ.

ಆಲ್ಬಮ್ ಬಂದ ಅದೇ ಋತುವಿನಲ್ಲಿ ಇನ್ನೊಂದು ಬಗೆಯ ಉಳಿವನ್ನೂ ಲೋಕ ಕಂಡಿತು. 2023ರ ನವೆಂಬರ್‌ನಲ್ಲಿ ಬೀಟಲ್ಸ್ ‘ಕೊನೆಯ ಹಾಡು’ ಬಿಡುಗಡೆಯಾಗಿ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. 1980ರಲ್ಲಿ ಹತ್ಯೆಯಾದ ಜಾನ್ ಲೆನನ್ ಅವರ ಕಂಠವನ್ನು ಹಳೆಯ ಕ್ಯಾಸೆಟ್ಟಿನಿಂದ ಯಂತ್ರಕಲಿಕೆಯ ತಂತ್ರ ಬಳಸಿ ಬೇರ್ಪಡಿಸಿದ್ದರು. ಸ್ಟೋನ್ಸ್‌ಗೆ ಐದು ದಶಕಗಳಿಂದ ದಕ್ಕದ ಆ ಸ್ಥಾನ, ಐದು ದಶಕಗಳಿಂದ ಅಸ್ತಿತ್ವದಲ್ಲೇ ಇಲ್ಲದ ಬ್ಯಾಂಡಿಗೆ ದಕ್ಕಿತು. ಮುದುಕರಾಗಿ ಬದುಕಿರುವುದಕ್ಕಿಂತ ಯುವಕರಾಗಿ ಚದುರಿಹೋಗುವುದೇ ಲಾಭದಾಯಕ ಎಂದು ಲೆಕ್ಕಿಗನೊಬ್ಬ ಹೇಳಿದರೆ ಅಂಕಿಗಳು ಅವನ ಪರ. ಪಟ್ಟಿ, ಪ್ರಶಸ್ತಿ, ಗಳಿಕೆ ಯಾವುದೂ ಈ ಪ್ರಕರಣವನ್ನು ಪೂರ್ತಿ ಬಿಡಿಸುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಪವಾದದ ಕಥೆ

ಮೇಲೆ ಒಂದು ಅಪವಾದದ ಮಾತು ಬಂತಲ್ಲ, ಅದು 2016ರ ಕೊನೆಯಲ್ಲಿ ಬಂದ ‘ಬ್ಲೂ ಆ್ಯಂಡ್ ಲೋನ್‌ಸಮ್’. ಹೊಸ ಹಾಡುಗಳಿಗೆಂದು ಲಂಡನ್ನಿನ ಸ್ಟುಡಿಯೋ ಸೇರಿದವರು, ಕೈ ಬಿಸಿಯಾಗಲಿ ಎಂದು ಬ್ಲೂಸ್‌ನ, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯ, ಹಳೆಯ ಹಾಡೊಂದನ್ನು ನುಡಿಸಿದರು. ನಿಲ್ಲಿಸಲಾಗಲಿಲ್ಲ. ಮೂರೇ ದಿನದಲ್ಲಿ ಒಂದು ಆಲ್ಬಮ್ ಆಯಿತು. ಹತ್ತು ವರ್ಷ ಒಂದು ಸ್ವಂತ ಆಲ್ಬಮ್ ಮುಗಿಸಲಾಗದವರು ಮೂರು ದಿನದಲ್ಲಿ ಇದನ್ನು ಮುಗಿಸಿದ್ದು ಹೇಗೆ?

ರಾಕ್ ಹುಟ್ಟಿದ್ದು ಹರೆಯದ ಸಂಗೀತವಾಗಿ; ಅದರಲ್ಲಿ ವಯಸ್ಸು ಖರ್ಚಿನ ಕಾಲಮ್ಮಿನಲ್ಲಿ ಬೀಳುತ್ತದೆ. ಅದರ ತಾಯಿಯಾದ ಬ್ಲೂಸ್‌ನಲ್ಲಿ ಹಾಗಲ್ಲ. ಅಲ್ಲಿ ವಯಸ್ಸು ಜಮೆ. ಕರ್ನಾಟಕದ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ತೊಂಬತ್ತು ದಾಟಿದ ಮೇಲೂ ಗಂಗೂಬಾಯಿ ಹಾನಗಲ್ ಹಾಡಲು ಕುಳಿತಾಗ ಅವರು ಪ್ರಸ್ತುತರೇ ಎಂದು ಹುಬ್ಬಳ್ಳಿ–ಧಾರವಾಡದಲ್ಲಿ ಯಾರೂ ಕೇಳಲಿಲ್ಲ. ಮಲ್ಲಿಕಾರ್ಜುನ ಮನ್ಸೂರ್ ಅವರ ಹೆಸರು ದೇಶದ ತುಂಬ ಹರಡಿದ್ದೇ ಇಳಿವಯಸ್ಸಿನಲ್ಲಿ. ಕಂಠದ ಬಿರುಕಿನಲ್ಲೂ ರಾಗ ಸೋಸಿ ಬರುತ್ತದೆ ಎಂದು ನಂಬುವ ಪರಂಪರೆಯಲ್ಲಿ ಬೆಳೆದವರಿಗೆ ‘ಇವರಿಗೆ ವಯಸ್ಸಾಯಿತು’ ಎಂಬುದು ದೂರೇ ಅಲ್ಲ.

1981ರ ನವೆಂಬರ್ 22ರ ರಾತ್ರಿ ಶಿಕಾಗೋದ ಚೆಕರ್‌ಬೋರ್ಡ್ ಲೌಂಜ್ ಎಂಬ ಇಕ್ಕಟ್ಟಾದ ಕ್ಲಬ್ಬಿಗೆ ಜಾಗರ್, ರಿಚರ್ಡ್ಸ್, ವುಡ್ ಹೋದರು. ಅಲ್ಲಿ ಹಾಡುತ್ತಿದ್ದವರು ಅರವತ್ತರ ಕೊನೆಯಲ್ಲಿದ್ದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್. ಅಂದಿನ ಚಿತ್ರಿಕೆ ಉಳಿದಿದೆ. ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದ ಮಹಾನ್ ತಾರೆಯರು ಅಲ್ಲಿ ಮಡ್ಡಿ ಕರೆದಾಗ ಎದ್ದು ಹೋಗುವ ಶಿಷ್ಯರು. ವಯಸ್ಸಾಗುವುದು ಹೇಗೆ ಎಂಬ ಪಾಠವನ್ನು ಅವರು ರಾಕ್‌ನಲ್ಲಿ ಕಲಿಯಲು ಸಾಧ್ಯವಿರಲಿಲ್ಲ, ಅಲ್ಲಿ ಅವರಿಗಿಂತ ಮೊದಲು ಮುದುಕರಾದವರು ಕಡಿಮೆ. ಕಲಿತದ್ದು ಇಲ್ಲಿ. ಎಂಬತ್ತರ ಹೊಸ್ತಿಲಲ್ಲಿ ಅವರಿಗೆ ದಾರಿ ತೋರಿದ್ದು ವಾಟ್ ಅವರ ಹೊಳಪೂ ಅಲ್ಲ, ಸಿಡ್ನಿ ಸ್ವೀನಿಯ ಕಾರೂ ಅಲ್ಲ ಎಂಬುದು ನನ್ನ ತೀರ್ಮಾನ. ಅವು ಬಾಗಿಲು ತೆರೆಸಿದವು, ಅಷ್ಟೇ. ಬೇರೆ ಹಿರಿಯ ಬ್ಯಾಂಡುಗಳು ಈ ಪ್ರಕರಣದಿಂದ ಯುವ ಪ್ರೊಡ್ಯೂಸರ್, ಗಡುವು, ಜಾಹೀರಾತು ಎಲ್ಲವನ್ನೂ ನಕಲು ಮಾಡಬಹುದು. ಹಿಂದಕ್ಕೆ ಹೋಗಿ ಕೂರಲು ಅವರಿಗೆ ಯಾವ ಜಗುಲಿ ಇದೆ ಎಂಬುದನ್ನು ಅವರವರೇ ನೋಡಿಕೊಳ್ಳಬೇಕು.

1961ರ ಅಕ್ಟೋಬರ್‌ನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ರಿಚರ್ಡ್ಸ್ ಅವರ ಕಣ್ಣಿಗೆ ಜಾಗರ್ ಬಿದ್ದಾಗ ಅವರ ಕಂಕುಳಲ್ಲಿ ಅಮೆರಿಕದಿಂದ ತರಿಸಿದ ಗ್ರಾಮಫೋನ್ ತಟ್ಟೆಗಳಿದ್ದವು. ಒಂದು ರಾಕ್ ಗಾಯಕ ಚಕ್ ಬೆರಿಯದು, ಇನ್ನೊಂದು ಮಡ್ಡಿ ವಾಟರ್ಸ್ ಅವರದು. ಮಡ್ಡಿ 1950ರಲ್ಲಿ ಮುದ್ರಿಸಿದ ಹಾಡೊಂದರಿಂದಲೇ ಬ್ಯಾಂಡಿಗೆ ಹೆಸರು ಬಂತು. ಆ ಹಾಡನ್ನು ಸ್ಟೋನ್ಸ್ 2023ರವರೆಗೆ ಯಾವ ಆಲ್ಬಮ್‌ನಲ್ಲೂ ಹಾಡಿರಲಿಲ್ಲ. ‘ಹ್ಯಾಕ್ನಿ ಡೈಮಂಡ್ಸ್’ನ ಹನ್ನೆರಡನೆಯ, ಕೊನೆಯ ಹಾಡು ಅದೇ. ಡ್ರಮ್ಸ್ ಇಲ್ಲ, ಅತಿಥಿಗಳಿಲ್ಲ, ಹೊಳಪೂ ಇಲ್ಲ. ಜಾಗರ್ ಅವರ ಹಾಡು ಮತ್ತು ಮೌತ್ ಆರ್ಗನ್, ಎದುರಿಗೆ ಸಂಧಿವಾತದ ಬೆರಳುಗಳಲ್ಲಿ ಹೊಸ ಹಿಡಿತ ಹುಡುಕಿಕೊಂಡ ರಿಚರ್ಡ್ಸ್ ಅವರ ಗಿಟಾರ್. ಮೂರು ನಿಮಿಷಕ್ಕೂ ಮೊದಲೇ ಮುಗಿದುಹೋಗುತ್ತದೆ.